ಸ್ಯಾಂಕಿಯ ಕೀರ್ತಿ, ಅರ್ಕಾವತಿಯ ಕಣಿವೆ

ಬೆಂಗಳೂರಿನ ನೀರಿನ ಚರಿತ್ರೆ ಬರೆಯುವವರು ಸ್ಯಾಂಕಿ ಕೆರೆಯಿಂದ ಹೊರಟು ಹೆಸರಘಟ್ಟಕ್ಕೆ ಬಂದು ನಿಲ್ಲುವುದು ಈಗ ರೂಢಿ. ಮೊದಲು ಒಬ್ಬ ಬ್ರಿಟಿಷ್ ಸೇನಾ ಇಂಜಿನಿಯರ್, ಆಮೇಲೆ ಅವನು ಹಾಕಿಕೊಟ್ಟ ದಾರಿಯಲ್ಲಿ ನಡೆದ ಮೈಸೂರು ಸರ್ಕಾರ. ಈ ಕಥನದ ಬೆನ್ನೆಲುಬು ಅಧಿಕಾರಿಯ ಸೇವಾ ದಾಖಲೆ. ಯಾವ ವರ್ಷ ಯಾವ ಹುದ್ದೆ, ಯಾವ ಊರಿನಲ್ಲಿ ಯಾವ ಕಟ್ಟಡ, ಕೊನೆಗೆ ಯಾವ ಬಿರುದು ಎಂಬ ಪಟ್ಟಿ ಅದು. ಸೇವಾ ದಾಖಲೆಯನ್ನು ಊರಿನ ಚರಿತ್ರೆಯೆಂದು ಓದುವ ಈ ಅಭ್ಯಾಸ ಸ್ಯಾಂಕಿಯವರಿಗೂ ನ್ಯಾಯ ಮಾಡಿಲ್ಲ, ಹೆಸರಘಟ್ಟಕ್ಕೂ ಮಾಡಿಲ್ಲ ಎಂಬುದು ನನ್ನ ನಿಲುವು.

ದಾಖಲೆ ಎಲ್ಲರಿಗೂ ಗೊತ್ತಿರುವುದೇ. ಐರ್ಲೆಂಡಿನ ರಿಚರ್ಡ್ ಸ್ಯಾಂಕಿ 1846ರಲ್ಲಿ ಮದ್ರಾಸ್ ಇಂಜಿನಿಯರ್ಸ್ ಸೇರಿದರು. 1857ರ ದಂಗೆಯ ಯುದ್ಧಗಳಲ್ಲಿದ್ದರು. 1864ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1877ರಲ್ಲಿ ಇಲ್ಲಿಂದ ಹೊರಟರು. ಮುಂದೆ ಕಂದಹಾರ್, ಮದ್ರಾಸ್, ನಿವೃತ್ತಿಯ ನಂತರ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷಗಿರಿ. ಅಠಾರಾ ಕಚೇರಿ, ಸೇಂಟ್ ಆಂಡ್ರ್ಯೂಸ್ ಚರ್ಚ್, ಕಬ್ಬನ್ ಪಾರ್ಕ್, ವಸ್ತುಸಂಗ್ರಹಾಲಯ ಎಲ್ಲವೂ ಅವರ ಹೆಸರಿಗೆ ಜಮೆಯಾಗಿವೆ. ಅಠಾರಾ ಕಚೇರಿಯನ್ನು ಮೇಲೆಬ್ಬಿಸಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರಿಗೆ ಈ ಜಮಾಖರ್ಚಿನಲ್ಲಿ ಒಂದು ಅಡಿಟಿಪ್ಪಣಿ ಸಿಕ್ಕರೆ ಹೆಚ್ಚು. ಕಟ್ಟಡಗಳ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರ ಹೆಸರು ಹೊತ್ತ ಕೆರೆಯನ್ನೇ ನೋಡಿ. ಎಲ್ಲರೂ ಅದರ ವರ್ಷ 1882 ಎನ್ನುತ್ತಾರೆ. ಆ ವರ್ಷ ಸ್ಯಾಂಕಿ ಮದ್ರಾಸ್ ಸರ್ಕಾರದ ಲೋಕೋಪಯೋಗಿ ಕಾರ್ಯದರ್ಶಿ. ಮೈಸೂರು ಬಿಟ್ಟು ಐದು ವರ್ಷವಾಗಿತ್ತು, ರಾಜ್ಯ 1881ರಲ್ಲೇ ಒಡೆಯರ ಕೈಗೆ ಮರಳಿತ್ತು. ಯೋಜನೆಯ ಬೀಜ ಅವರದೇ ಇರಬಹುದು. ಆದರೂ 'ಸ್ಯಾಂಕಿ ಬೆಂಗಳೂರಿನಲ್ಲಿದ್ದು ಕಟ್ಟಿಸಿದ ಕೆರೆ' ಎಂಬ ಚಿತ್ರ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟ ಕೂಡಲೇ ನಿಲ್ಲುವುದಿಲ್ಲ.

ಹಾಗಾದರೆ ಅವರ ಹಿರಿಮೆ ಎಲ್ಲಿದೆ? ನನ್ನ ಮಟ್ಟಿಗೆ ಅದು ಮೈಸೂರಿನ ಕೆರೆಗಳ ಬಗ್ಗೆ 1860ರ ದಶಕದಲ್ಲಿ, ಮೇಜರ್ ಆಗಿದ್ದಾಗ, ಅವರು ಬರೆದ ಒಂದು ಟಿಪ್ಪಣಿಯಲ್ಲಿದೆ. ಬೆಂಜಮಿನ್ ಲೂಯಿಸ್ ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಮೂಲಕ ಅದು ನಮಗೆ ಪರಿಚಿತ. ಅದರ ಸಾರ ಇಷ್ಟು. ಈ ಸೀಮೆಯ ನೂರಕ್ಕೆ ಅರವತ್ತರಷ್ಟು ಭಾಗವನ್ನು ಜನರು ತಲೆತಲಾಂತರದ ತಾಳ್ಮೆಯ ದುಡಿಮೆಯಿಂದ ಕೆರೆಗಳ ವ್ಯವಸ್ಥೆಯೊಳಗೆ ತಂದಿದ್ದಾರೆ. ನೀರು ಹಿಡಿದಿಡುವ ಕೆಲಸ ಎಷ್ಟು ಪೂರ್ಣವಾಗಿದೆಯೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸ. ಹಳೆಯದನ್ನು ದುರಸ್ತಿ ಮಾಡಬಹುದು. ಹೊಸತನ್ನು ಕಟ್ಟಿದರೆ ಅದು ಅದೇ ಕಣಿವೆಯ ಕೆಳಗಿನ ಕೆರೆಯ ನೀರನ್ನು ಕಡಿಯುತ್ತದೆ, ಅಲ್ಲಿ ಆಗಲೇ ನೆಲೆಗೊಂಡ ಹಕ್ಕಿಗೆ ಅಡ್ಡ ಬರುತ್ತದೆ.

ಈ ಟಿಪ್ಪಣಿಯನ್ನು ನಮ್ಮವರು ಸಾಮಾನ್ಯವಾಗಿ ಹೊಗಳಿಕೆಯ ಪ್ರಮಾಣಪತ್ರವಾಗಿ ಬಳಸುತ್ತಾರೆ: ನೋಡಿ, ಬ್ರಿಟಿಷ್ ಅಧಿಕಾರಿಯೇ ನಮ್ಮ ಹಿರಿಯರನ್ನು ಮೆಚ್ಚಿದ. ಮೆಚ್ಚುಗೆ ಅದರ ಅತಿ ಹಗುರವಾದ ಭಾಗ. ಬರೆಯುತ್ತಿರುವುದು ಯಾರು? ಹೊಸ ಕಾಮಗಾರಿಗಳಿಂದಲೇ ಬಡ್ತಿ, ಹೆಸರು ಪಡೆಯುವ ಸೇನಾ ಇಂಜಿನಿಯರ್. ಅಂಥವರು ತಮ್ಮ ಕೈಗೆ ಬಂದ ಸೀಮೆಯಲ್ಲಿ ಹೊಸತು ಕಟ್ಟಲು ಜಾಗವಿಲ್ಲ ಎನ್ನುತ್ತಿದ್ದಾರೆ. ಮಾಡಬೇಕಾದದ್ದು ದುರಸ್ತಿ ಎಂದರೆ, ಹೆಸರು ಕೆತ್ತಿಸಲಾಗದ ಕೆಲಸ. ವೃತ್ತಿಜೀವನದ ಲಾಭಕ್ಕೆ ನೇರವಾಗಿ ಎದುರು ನಿಂತ ತೀರ್ಪು ಇದು.

ಇನ್ನೂ ಮುಖ್ಯವಾದದ್ದು, ಆ ಟಿಪ್ಪಣಿ ನೀರನ್ನು ಎಣಿಸುವ ರೀತಿ. ಒಂದು ಕೆರೆಯ ಏರಿ, ತೂಬು, ಅಚ್ಚುಕಟ್ಟನ್ನಷ್ಟೇ ನೋಡಿದರೆ ಹೊಸ ಕೆರೆ ಯಾವಾಗಲೂ ಲಾಭವೇ. ಮೇಲಿನ ಕೆರೆಯ ಕೋಡಿ ಹರಿದು ಕೆಳಗಿನದನ್ನು ತುಂಬುವ ಸರಣಿಯನ್ನು ನೋಡಿದರೆ ಲೆಕ್ಕವೇ ಬದಲಾಗುತ್ತದೆ. ಮೇಲೆ ತಡೆದದ್ದು ಕೆಳಗೆ ಕಳೆದದ್ದು. ಮುಂದೆ ಸ್ಯಾಂಕಿ ಕಣಿವೆ ಕಣಿವೆಯಾಗಿ ಜಲಾನಯನ ಅಳೆಸಿ, ಪ್ರತಿ ಕೆರೆಗೆ ಬರುವ ನೀರನ್ನು ಗುರುತಿಸಿ ದುರಸ್ತಿ ನಡೆಸುವ ಪದ್ಧತಿ ತಂದದ್ದು ಈ ನೋಟದಿಂದಲೇ. ಟಿಪ್ಪಣಿಯ ದೊಡ್ಡ ಕೊರತೆಯೂ ಅಲ್ಲೇ ಇದೆ. ಜನರ ದುಡಿಮೆಯನ್ನು ಒಪ್ಪುವ ಅದರಲ್ಲಿ ಜನ ಯಾರೆಂಬುದಿಲ್ಲ. ಮಣ್ಣು ಹೊತ್ತ ವಡ್ಡರಿಲ್ಲ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚಿದ ನೀರುಗಂಟಿಯಿಲ್ಲ. ಹಕ್ಕು ಇದೆ ಎಂದು ಬರೆದವರು ಆ ಹಕ್ಕನ್ನು ದಿನದಿನವೂ ಕಾಯುತ್ತಿದ್ದವರನ್ನು ಬರೆಯಲಿಲ್ಲ. ಮುಂದೆ ಇಲಾಖೆಗಳು ಕಣಿವೆಯ ಅಳತೆಯನ್ನು ಉಳಿಸಿಕೊಂಡು ಕಾವಲುಗಾರರನ್ನು ಮರೆಯಲು ಈ ಮೌನವೂ ದಾರಿ ಮಾಡಿಕೊಟ್ಟಿತು.

ಇಲ್ಲಿ ಎರಡು ಪಂಗಡದ ವಿಮರ್ಶಕರೊಂದಿಗೆ ನನಗೆ ಜಗಳವಿದೆ. ಮೊದಲನೆಯವರು ನಗರದ ನೆನಪುಗಾರರು, ಕಬ್ಬನ್, ಬೌರಿಂಗ್, ಸ್ಯಾಂಕಿ ಎಂದು ಹೆಸರುಗಳ ಜಪ ಮಾಡುವವರು. ಅವರ ಬರಹದಲ್ಲಿ ಬೆಂಗಳೂರು ಕಂಟೋನ್ಮೆಂಟಿನಿಂದ ಹುಟ್ಟುತ್ತದೆ. ಕೆಂಪೇಗೌಡರ ಕಾಲದ ಧರ್ಮಾಂಬುಧಿ ಪೀಠಿಕೆಯಷ್ಟೇ. ಸ್ಯಾಂಕಿಯ ಟಿಪ್ಪಣಿಯೇ ಇವರ ಎದುರು ಸಾಕ್ಷಿ ಹೇಳುತ್ತದೆ. ಎರಡನೆಯವರು ಬ್ರಿಟಿಷ್ ಅಧಿಕಾರಿಗಳೆಲ್ಲ ಕೆರೆ ಹಾಳುಮಾಡಿದವರೆಂದು ಒಂದೇ ಏಟಿಗೆ ಮುಗಿಸುವವರು. ಕೆರೆ ಕಾಯುವವರಿಗೆ ಬಿಟ್ಟ ಕಟ್ಟುಕೊಡಿಗೆಯಂಥ ಭೂಮಿಯ ಏರ್ಪಾಡು ಕುಸಿದು, ದುರಸ್ತಿ ಇಲಾಖೆಯ ಕೈಗೆ ಹೋಗಿ ಹಳ್ಳಿಗರು ಹೊರಗಾದರು ಎಂಬ ಅವರ ವಾದದಲ್ಲಿ ಸತ್ಯವಿದೆ. ಆದರೆ ಕಟ್ಟುಕೊಡಿಗೆಯ ಶಾಸನಗಳನ್ನು ಅವರು ಓದುವುದು ಎಲ್ಲಿ? ಬಹುಪಾಲು ರೈಸ್ ಅವರೇ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಶಾಲೆಗಳ ಆಡಳಿತದಲ್ಲಿ ಬೆಳೆದು, ಊರೂರಿನ ಕಲ್ಲು ಓದಿಸಿದ ಆ ಮನುಷ್ಯನ ದುಡಿಮೆಯ ಮೇಲೆ ನಿಂತು, ಅಧಿಕಾರಿಗಳಿಂದ ನಮಗೆ ಏನೂ ಸಿಕ್ಕಿಲ್ಲ ಎನ್ನುವುದು ಪ್ರಾಮಾಣಿಕ ವಾದವಲ್ಲ. ಎರಡೂ ಪಂಗಡದ ದೋಷ ಒಂದೇ. ಇಬ್ಬರೂ ತೀರ್ಪು ಕೊಡುವುದು ಮನುಷ್ಯನಿಗೆ. ಅವನು ಮಾಡಿದ ಒಂದೊಂದು ಕೆಲಸವನ್ನು ಬಿಡಿಸಿ ನೋಡುವ ಸಹನೆ ಇಬ್ಬರಿಗೂ ಇಲ್ಲ.

ಆ ಸಹನೆಗೆ ಹೆಸರಘಟ್ಟವೇ ಪರೀಕ್ಷೆ. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಮುಖ್ಯ ಇಂಜಿನಿಯರ್ ಹಚಿನ್ಸ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಎದ್ದ ಜಲಾಶಯ ಅದು. ನೀರು ಸೋಲದೇವನಹಳ್ಳಿಗೆ ತಾನಾಗಿ ಹರಿದು, ಅಲ್ಲಿಂದ ಉಗಿಯಂತ್ರದ ಬಲದಿಂದ ನಗರಕ್ಕೇರಿತು. ಬೆಂಗಳೂರಿಗೆ ಕೊಳವೆ ನೀರಿನ ಯುಗ ಆರಂಭವಾದದ್ದು ಹೀಗೆ. ಆ ಸಾಧನೆ ದೊಡ್ಡದು, ಹಚಿನ್ಸ್ ಹೆಸರು ಒಂದು ಸಾಲಿಗೆ ಮುಗಿಯುವುದು ಅನ್ಯಾಯ. ಆದರೆ ಸ್ಯಾಂಕಿಯ ಅಳತೆಗೋಲಿನಿಂದ ಕೇಳಬೇಕಾದ ಪ್ರಶ್ನೆ ಬೇರೆ. ನಂದಿ ಬೆಟ್ಟದಿಂದ ದೊಡ್ಡಬಳ್ಳಾಪುರದ ಕೆರೆಗಳನ್ನು ದಾಟಿ ಬರುವ ಹೊಳೆಯ ನೀರನ್ನು ಕಣಿವೆಯಿಂದಲೇ ಹೊರಗೊಯ್ದಾಗ, ಮೇಲಿನ ಸರಣಿಯ ಆರೋಗ್ಯದ ಮೇಲೆ ಎಷ್ಟು ಭಾರ ಬಿತ್ತು, ಕೆಳಗಿನವರ ಪಾಲಿಗೆ ಏನು ಉಳಿಯಿತು? 1925ರಲ್ಲಿ ಹೆಸರಘಟ್ಟ ಬತ್ತಿತು. ನಗರ ಕೊಟ್ಟ ಉತ್ತರ ಅದೇ ಹೊಳೆಯ ಕೆಳಗೆ ಇನ್ನೊಂದು ಅಣೆಕಟ್ಟು, 1933ರ ತಿಪ್ಪಗೊಂಡನಹಳ್ಳಿ. ಮುಂದೆ ಕೊಳವೆಬಾವಿ, ನೀಲಗಿರಿ ತೋಪು, ಬಡಾವಣೆಗಳು ಮೇಲಿನ ಕಣಿವೆಯನ್ನು ಒಣಗಿಸಿದಾಗ ಎರಡೂ ಸೊರಗಿದವು. ಕೊನೆಗೆ ನಗರ ಕಾವೇರಿಯ ಕಡೆ ತಿರುಗಿತು. ಒಂದು ಕೆರೆಯನ್ನು ಸರಣಿಯಿಂದ ಬಿಡಿಸಿ ನೋಡಿದ ತಪ್ಪು ಒಂದು ಶತಮಾನ ಬೆಳೆದ ಬಗೆ ಇದು.

ಆದ್ದರಿಂದ ನನ್ನ ತೀರ್ಮಾನ ಸ್ಪಷ್ಟ. ಕಟ್ಟಡ ಕಟ್ಟಿದ ಸ್ಯಾಂಕಿಯ ಕೀರ್ತಿ ಉಬ್ಬಿಸಿದ್ದು. ಇನ್ನು ಕಟ್ಟಬೇಡಿ, ಇರುವುದನ್ನು ಉಳಿಸಿ ಎಂದ ಸ್ಯಾಂಕಿಯನ್ನು ನಾವು ಕಡೆಗಣಿಸಿದ್ದೇವೆ. ಅಧಿಕಾರಿಯ ಚರಿತ್ರೆ ಬರೆಯುವವರು ಅವನು ಎಬ್ಬಿಸಿದ ಗೋಡೆಗಳ ಜೊತೆಗೆ, ಬೇಡವೆಂದು ಬಿಟ್ಟ ಕೆಲಸಗಳನ್ನೂ ಅದಕ್ಕೆ ಕೊಟ್ಟ ಕಾರಣಗಳನ್ನೂ ದಾಖಲಿಸಬೇಕು. ಹೆಸರಘಟ್ಟವನ್ನು ತುಂಬಿಸುವ ಹೊಸ ಯೋಜನೆ ಬಂದಾಗಲೆಲ್ಲ ಆ ಟಿಪ್ಪಣಿಯ ಪ್ರಶ್ನೆಯನ್ನೇ ಮೊದಲು ಕೇಳಬೇಕು: ಮೇಲಿನ ಯಾವ ಕೆರೆಯ ಕೋಡಿ ಇಂದು ಹರಿಯುತ್ತಿದೆ, ಕೆಳಗಿನ ಯಾರ ಹಕ್ಕು ಕಡಿದುಹೋಗುತ್ತದೆ? ಇದಕ್ಕೆ ಉತ್ತರವಿಲ್ಲದ ಯೋಜನೆ, ಯಾವ ಸರ್ಕಾರದ್ದಾದರೂ, 1860ರ ದಶಕದ ತಿಳಿವಳಿಕೆಗಿಂತ ಹಿಂದಿದೆ.