ಮಧ್ಯಸ್ಥನೋ, ಅಡ್ಡ ನಿಂತವನೋ?

ನಡುವೆ ಬರುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಒಂದು ಪದಕುಟುಂಬವೇ ಇದೆ. ಲ್ಯಾಟಿನ್ನಿನ ‘ಇಂಟರ್’ ಎಂಬುದು ಸಂಸ್ಕೃತದ ‘ಅಂತರ್’ ಶಬ್ದದ ಸಗೋತ್ರ. ಅದರೊಡನೆ ಮುರಿಯುವ ಅರ್ಥ ಕೂಡಿದರೆ ‘ಇಂಟರಪ್ಟ್’, ಇಡುವ ಅರ್ಥ ಕೂಡಿದರೆ ‘ಇಂಟರ್‌ಪೋಸ್’, ಬರುವ ಅರ್ಥಕ್ಕೆ ‘ಇಂಟರ್‌ವೀನ್’, ಹೋಗುವ ಅರ್ಥಕ್ಕೆ ‘ಇಂಟರ್‌ಸೀಡ್’. ಕೊನೆಯ ಎರಡನ್ನು ನಮ್ಮ ಪ್ರಸಂಗಗಳೂ ದೇವಶಾಸ್ತ್ರೀಯ ಬರಹಗಳೂ ‘ಮಧ್ಯ’ದಿಂದ ಹುಟ್ಟಿದ ಪದಗಳಿಗೆ ಒಪ್ಪಿಸಿವೆ: ಮಧ್ಯಪ್ರವೇಶ, ಮಧ್ಯಸ್ಥಿಕೆ, ಮಧ್ಯಸ್ಥ ಪ್ರಾರ್ಥನೆ. ಈ ರೂಢಿಯಿಂದ ಕ್ರಿಸ್ತನ ಕಾರ್ಯದ ಒಂದು ಮುಖ ಮರೆಯಾಗುತ್ತಿದೆ ಎಂಬುದು ನಮ್ಮ ವಾದ.

ಕನ್ನಡದಲ್ಲಿ ಮಧ್ಯಸ್ಥನೆಂದರೆ ಎರಡು ಕಡೆಗೂ ಸೇರದವನು; ಜಗಳ ತೀರಿಸಿ ಎದ್ದುಹೋಗುವವನು. 1 ತಿಮೊಥೆಯ 2:5ರ ‘ಮೆಸಿತೇಸ್’ ಎಂಬ ಗ್ರೀಕ್ ಪದಕ್ಕೆ ಆ ಮಾತು ಒಪ್ಪಬಹುದು. ಆದರೆ ರೋಮಾಪುರದವರಿಗೆ 8:34 ಮತ್ತು ಇಬ್ರಿಯರಿಗೆ 7:25ರಲ್ಲಿರುವ ಕ್ರಿಯಾಪದ ಬೇರೆ. ಒಬ್ಬನನ್ನು ಎದುರುಗೊಂಡು ಅಹವಾಲು ಮಂಡಿಸುವುದು ಅದರ ಅರ್ಥ. ಅಪೊಸ್ತಲರ ಕೃತ್ಯಗಳು 25:24ರಲ್ಲಿ ಪೌಲನ ವಿರುದ್ಧ ಫೆಸ್ತನಿಗೆ ದೂರು ಕೊಟ್ಟವರ ವಿಷಯದಲ್ಲಿಯೂ ಅದೇ ಪದವಿದೆ. ಪರವಾಗಿಯೋ ವಿರುದ್ಧವಾಗಿಯೋ, ಅಹವಾಲು ಮಂಡಿಸುವವನಿಗೆ ಒಂದು ಪಕ್ಷವುಂಟು. ಆದುದರಿಂದ ನಮ್ಮ ಸತ್ಯವೇದದ ‘ವಿಜ್ಞಾಪನೆ’ಯೇ ಮೇಲು. ಅದರ ತದ್ಭವವಾದ ‘ಬಿನ್ನಹ’ವು ಅರಸನ ಮುಂದಿಡುವ ಕೋರಿಕೆಯ ಹೆಸರಾಗಿ ನಮ್ಮ ಶಾಸನಗಳಿಗೂ ಪರಿಚಿತ.

ಪಕ್ಷ ವಹಿಸಿ ನಡುವೆ ನಿಲ್ಲುವವನ ಚಿತ್ರ ಈ ನಾಡಿಗೆ ಹೊಸದಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲವಿದೆ. ಗರ್ಭಗೃಹಕ್ಕೂ ಮಂಟಪಕ್ಕೂ ನಡುವಣ ಇಂಥ ಎಡೆಗೆ ವಾಸ್ತುಪರಿಭಾಷೆಯಲ್ಲಿ ‘ಅಂತರಾಳ’ವೆಂದು ಹೆಸರು. ಅದರ ಮೇಲಣ ಶುಕನಾಸಿಯಲ್ಲಿ, ಮೃಗದೊಡನೆ ಹೋರಾಡುವ ಸಳನ ಲಾಂಛನವಿದೆ. ಸೊಸೆವೂರಿನಲ್ಲಿ ಸುದತ್ತ ಮುನಿಯ ಮೇಲೆ ಹಾಯ್ದ ಮೃಗವನ್ನು ಸಳನು ಹೊಡೆದನೆಂಬುದು ಐತಿಹ್ಯ. ಅವನನ್ನು ಯಾರೂ ಮಧ್ಯಸ್ಥನೆನ್ನರು. ಅವನು ಮುನಿಯ ಪರವಾಗಿ ಅಡ್ಡ ನಿಂತವನು.

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಸಳನ ಕಥೆಯಲ್ಲಿ ಪೆಟ್ಟು ಬಿದ್ದುದು ಮೃಗಕ್ಕೆ. ಯೆಶಾಯ 53ರಲ್ಲಿ ಅದು ಅಡ್ಡ ನಿಂತವನಿಗೇ ಬೀಳುತ್ತದೆ. ಅಲ್ಲಿನ ಹೀಬ್ರೂ ಧಾತು ‘ಪಾಗಾ’. 1 ಸಮುವೇಲ 22:17ರಲ್ಲಿ ಅದು ಯಾಜಕರ ಮೇಲೆ ಬಿದ್ದು ಕೊಲ್ಲುವುದನ್ನು ಸೂಚಿಸುತ್ತದೆ. ಯೆರೆಮೀಯ 7:16ರಲ್ಲಿ ಜನರಿಗಾಗಿ ಬೇಡುವುದನ್ನು. ಯೆಶಾಯ 53ರ 6ನೆಯ ವಚನದಲ್ಲಿ ನಮ್ಮ ದೋಷವು ಸೇವಕನ ಮೇಲೆ ಬರುವುದಕ್ಕೂ 12ನೆಯ ವಚನದಲ್ಲಿ ಅವನು ದ್ರೋಹಿಗಳಿಗಾಗಿ ಬೇಡುವುದಕ್ಕೂ ಇದೊಂದೇ ಧಾತು. ಇಂಗ್ಲಿಷ್ ಇವೆರಡನ್ನೂ ಬೇರೆ ಬೇರೆ ಪದಗಳಿಂದ ಹೇಳಿತು. ನಮ್ಮ ಅನುವಾದವೂ ಹಾಗೆಯೇ ಮಾಡಿತು. ಆದರೆ ಕನ್ನಡಕ್ಕೆ ‘ಬೀಳು’ ಎಂಬ ಮಾತಿದೆ. ವೈರಿಯೂ ಮೇಲೆ ಬೀಳುತ್ತಾನೆ. ಬೇಡುವವನೂ ಕಾಲಿಗೆ ಬೀಳುತ್ತಾನೆ, ದುಂಬಾಲು ಬೀಳುತ್ತಾನೆ. ನಮ್ಮ ದೋಷವು ಯಾರ ಮೇಲೆ ಬಿತ್ತೋ ಅವನೇ ನಮಗಾಗಿ ತಂದೆಯ ಪಾದಕ್ಕೆ ಬಿದ್ದನು ಎಂದು ಕನ್ನಡದ ಬೋಧಕನು ಒಂದೇ ಕ್ರಿಯಾಪದದಿಂದ ಸಾರಬಲ್ಲನು.

‘ಅಡ್ಡ’ ಎಂಬುದಕ್ಕೆ ತಡೆಯೆಂಬ ಅರ್ಥವೂ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಕೀರ್ತನೆ 106:23ರ ಮೋಶೆಯನ್ನು ನೆನೆಯೋಣ: ಅವನು ಒಡಕಿನಲ್ಲಿ ನಿಂತು ತಡೆದದ್ದು ದೇವರ ಕೋಪವನ್ನೇ. ಆ ಅರ್ಥ ಇಲ್ಲಿ ದೋಷವಲ್ಲ, ಬೇಕಾದದ್ದೇ.

ಇದು ಬರಿಯ ಪದವಿಚಾರವಲ್ಲ. ಭಾನುವಾರದ ಆರಾಧನೆಯಲ್ಲಿ ನಾವು ಬಡವರಿಗಾಗಿ, ಸೆರೆಯಲ್ಲಿರುವವರಿಗಾಗಿ, ಊರಿನಿಂದ ಎಬ್ಬಿಸಲ್ಪಟ್ಟವರಿಗಾಗಿ ಪ್ರಾರ್ಥಿಸುತ್ತೇವೆ. ಅದನ್ನು ಮಧ್ಯಸ್ಥಿಕೆಯೆಂದು ತಿಳಿದ ಸಭೆ ‘ಆಮೆನ್’ ಎಂದು ಎದ್ದುಹೋಗಬಹುದು. ಬಿನ್ನಹವೆಂದು ತಿಳಿದ ಸಭೆಯು ತಾನು ಯಾರ ಪಕ್ಷವೆಂಬುದನ್ನು ಆಗಲೇ ಹೇಳಿಯಾಗಿದೆ. ಸೋಮವಾರ ಅವರ ಮೇಲೆ ಬೀಳುವ ಪೆಟ್ಟಿಗೆ ಅದು ಅಡ್ಡ ನಿಲ್ಲಬೇಕು.