ದೇಹದ ಅರಿವು ಮತ್ತು ನೃತ್ಯರಚನೆ: ಚಂದ್ರಲೇಖಾ ಅವರ ಕೃತಿಗಳ ಒಂದು ಜಾನಪದೀಯ ಓದು

ಶಾಸ್ತ್ರೀಯ ನೃತ್ಯದ ರೂಢಿಯಲ್ಲಿ ಕಲಾವಿದೆಯ ಸ್ವಂತ ಬದುಕಿಗೆ ನೇರ ಪ್ರವೇಶ ದೊರೆಯುವುದು ವಿರಳ. ನಾಯಿಕೆಯ ವಿರಹ, ಭಕ್ತನ ಆರ್ತತೆ, ಪುರಾಣದ ಪ್ರಸಂಗ, ಇವುಗಳ ಮೂಲಕವೇ ಆಕೆಯ ಅನುಭವ ಹಾದುಬರಬೇಕಾಗುತ್ತದೆ. ಈ ಚೌಕಟ್ಟನ್ನು ಮುರಿದು, ದೇಹವನ್ನು ಪಳಗಿಸುವ ಸಾಧನೆಯನ್ನೂ ಸ್ವಾನುಭವವನ್ನೂ ನೃತ್ಯರಚನೆಯ ಮೂಲದ್ರವ್ಯವಾಗಿಸಿಕೊಂಡ ಭಾರತೀಯರಲ್ಲಿ ಚಂದ್ರಲೇಖಾ (1928-2006) ಅವರು ಪ್ರಮುಖರು. ಆಧುನಿಕತೆಯ ನೆಲೆಯಿಂದಲೂ ಸ್ತ್ರೀವಾದದ ನೆಲೆಯಿಂದಲೂ ಅವರ ಕೃತಿಗಳ ಚರ್ಚೆ ನಡೆದಿದೆ. ಆದರೆ ಅವರು ಬಳಸಿಕೊಂಡ ದೇಹಜ್ಞಾನದ ಬಹುಪಾಲು ಜನಸಮುದಾಯಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದದ್ದು. ಆದ್ದರಿಂದ ಜಾನಪದ ಅಧ್ಯಯನಕ್ಕೂ ಇಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ.

ಕಾನೂನು ಓದನ್ನು ಬಿಟ್ಟು ನೃತ್ಯಕ್ಕೆ ಬಂದ ಚಂದ್ರಲೇಖಾ ಅವರು ಕಾಂಚೀಪುರಂ ಎಲ್ಲಪ್ಪ ಪಿಳ್ಳೈ ಅವರಲ್ಲಿ ಭರತನಾಟ್ಯವನ್ನು ಅಭ್ಯಾಸ ಮಾಡಿದರು. 1952ರಲ್ಲಿ ಮದರಾಸಿನಲ್ಲಿ ನಡೆದ ಅವರ ರಂಗಪ್ರವೇಶ ರಾಯಲಸೀಮೆಯ ಬರ ಪರಿಹಾರ ನಿಧಿಗಾಗಿ ಏರ್ಪಾಡಾಗಿತ್ತು. ಯಮುನೆಯ ತುಂಬು ನೀರನ್ನು ಹಸ್ತಮುದ್ರೆಗಳಿಂದ ಅಭಿನಯಿಸುತ್ತಿದ್ದಾಗ, ಪತ್ರಿಕೆಗಳಲ್ಲಿ ಕಂಡಿದ್ದ ಬಿರುಕುಬಿಟ್ಟ ನೆಲದ ಚಿತ್ರಗಳು ಕಣ್ಣೆದುರು ನಿಂತವೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಕಲೆಗೂ ಬದುಕಿಗೂ ನಡುವಿನ ಈ ಬಿರುಕೇ ಅವರ ಮುಂದಿನ ರಚನೆಗಳ ಬೀಜ. ಅವರು ಬರಗಾಲದ ಮೇಲೊಂದು ನೃತ್ಯರೂಪಕ ಕಟ್ಟಿ ಸಮಾಧಾನಪಟ್ಟುಕೊಳ್ಳಲಿಲ್ಲ. ಅಂಥ ಹೊತ್ತಿನಲ್ಲಿ ಕುಣಿಯುವ ದೇಹ ಯಾವುದು, ಅದರ ಬಲ ಎಲ್ಲಿಯದು ಎಂದು ಕೇಳಿಕೊಂಡರು.

ರಾಯಲಸೀಮೆಗೆ ಹೊಂದಿಕೊಂಡಿರುವ ನಮ್ಮ ಬಯಲುಸೀಮೆಯ ಆಚರಣೆಯೊಂದನ್ನು ಇಲ್ಲಿ ನೆನೆಯಬಹುದು. ಮಳೆ ಬಾರದಿದ್ದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿಯನ್ನು ಹೊರುತ್ತಾರೆ. ಹೆಂಚಿನ ಮೇಲಿಟ್ಟ ಗುರ್ಜಿಯನ್ನು ತಲೆಯ ಮೇಲೆ ಹೊತ್ತವರು ಮನೆಮನೆಗೆ ಹೋಗುತ್ತಾರೆ. ಮನೆಯವರು ನೀರು ಸುರಿಯುತ್ತಾರೆ. ಹೊತ್ತವರು ತೊಯ್ದು ಗಿರಗಿರನೆ ಸುತ್ತುತ್ತಾರೆ. ಅಲ್ಲಿ ನೀರಿನ ಅಭಿನಯವಿಲ್ಲ, ನೀರೇ ಇದೆ. ಊರಿನ ಬರ ಮತ್ತು ಕುಣಿಯುವ ಮೈ ಒಂದೇ ಅಂಗಳದಲ್ಲಿ ಸಂಧಿಸುತ್ತವೆ. ಸಭಾಂಗಣದ ನೃತ್ಯ ಕಳೆದುಕೊಂಡದ್ದು ಈ ಸಂಬಂಧವನ್ನು. ಚಂದ್ರಲೇಖಾ ಅವರ ಮುಜುಗರ ವೈಯಕ್ತಿಕವಾಗಿ ಕಂಡರೂ ಅದರ ಹಿಂದೆ ಒಂದು ಕಲಾಪ್ರಕಾರದ ಚರಿತ್ರೆಯೇ ಇದೆ.

ಬಹುಕಾಲ ನೃತ್ಯದಿಂದ ದೂರ ಉಳಿದು ವಿನ್ಯಾಸ, ಬರವಣಿಗೆ ಹಾಗೂ ಮಹಿಳಾ ಚಳವಳಿಯಲ್ಲಿ ತೊಡಗಿದ್ದ ಅವರು, 1984ರಲ್ಲಿ ಮುಂಬಯಿಯಲ್ಲಿ ನಡೆದ ಪೂರ್ವ-ಪಶ್ಚಿಮ ನೃತ್ಯ ಸಮಾವೇಶದ ಮೂಲಕ ರಂಗಕ್ಕೆ ಮರಳಿದರು. 1985ರ ‘ಅಂಗಿಕ’ದಲ್ಲಿ ಭರತನಾಟ್ಯ, ಯೋಗ ಮತ್ತು ಕಳರಿಪ್ಪಯಟ್ಟು ಒಂದೇ ವೇದಿಕೆಗೆ ಬಂದವು. ಆಭರಣ, ಪುರಾಣಕಥೆ, ಮುಖಾಭಿನಯಗಳು ಹಿಂದೆ ಸರಿದವು. ಉಸಿರು, ಬೆನ್ನುಮೂಳೆ, ಅರೆಮಂಡಿಯಲ್ಲಿ ನೆಲಕ್ಕಿಳಿವ ಭಾರ, ಇವು ಮುನ್ನೆಲೆಗೆ ಬಂದವು. ಕಳರಿಯ ಪ್ರಾಣಿವಡಿವುಗಳು ಇಲ್ಲಿ ಅಲಂಕಾರವಾಗಿ ಉಳಿಯದೆ ರಚನೆಯ ಸರಪಣಿಯನ್ನೇ ನಿರ್ಧರಿಸುತ್ತವೆ. ಪುರುಷನ ಬೆನ್ನೇರಿ ಸ್ತ್ರೀ ಸಾಗುವ ‘ನರವಾಹನ’ ಭಾಗದಲ್ಲಿ ದೇವಿಯ ಪ್ರತಿಮೆ ಹುಟ್ಟುವುದು ಎರಡು ದೇಹಗಳ ಸಮತೋಲದಿಂದ. ಅದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಸ್ವಾನುಭವವು ದೇಹಸಾಧನೆಯ ಮೂಲಕ ಹಾದು ರೂಪ ಪಡೆಯುವ ಬಗೆಗೆ 1990ರ ದಶಕದ ಆರಂಭದ ‘ಶ್ರೀ’ ಅತ್ಯುತ್ತಮ ನಿದರ್ಶನ. ಬಾಗಿದ ಬೆನ್ನಿನ ಸ್ತ್ರೀಯರು ನಿಧಾನವಾಗಿ ರಂಗವನ್ನು ದಾಟುತ್ತಾರೆ. ಪಿತೃಪ್ರಧಾನ ವ್ಯವಸ್ಥೆಯ ಕುರಿತ ಒಂದು ಮಾತೂ ಅಲ್ಲಿ ಬೇಕಿಲ್ಲ. ದೀರ್ಘಕಾಲ ಬಾಗಿಯೇ ನಡೆಯಲು ಬೇಕಾದ ತೊಡೆಯ ಬಲ, ಉಸಿರಿನ ಹಿಡಿತಗಳು ನೋಡುಗರ ಮೈಯನ್ನೂ ತಟ್ಟುತ್ತವೆ. ಕೊನೆಯಲ್ಲಿ ಬೆನ್ನು ನೆಟ್ಟಗಾಗಿ ಬಹುಭುಜೆಯ ರೂಪ ತಾಳಿದಾಗ ಅದು ದೊರೆತ ವರದಂತೆ ತೋರದೆ ಗಳಿಸಿದ ಬಲವಾಗಿ ತೋರುತ್ತದೆ. ಮಹಿಳಾ ಚಳವಳಿಯ ಒಡನಾಟದಲ್ಲಿ ಕಂಡುಂಡದ್ದನ್ನು ಘೋಷಣೆಯಾಗಿಸದೆ ಬೆನ್ನುಮೂಳೆಯ ವ್ಯಾಕರಣವಾಗಿಸಿದ್ದು ಅವರ ದೊಡ್ಡ ಸಾಧನೆ.

ಇಷ್ಟಾಗಿಯೂ ಒಂದು ತಾತ್ವಿಕ ತೊಡಕು ಉಳಿಯುತ್ತದೆ. ಕಳರಿ, ಯೋಗ, ಭರತನಾಟ್ಯಗಳು ಒಂದೇ ದೇಹದರ್ಶನದ ಕವಲುಗಳೆಂಬ ಗ್ರಹಿಕೆ ಅವರ ರಚನೆಗಳ ತಳಹದಿ. ರಂಗದ ಮೇಲೆ ಅದು ಫಲಪ್ರದ. ಚರಿತ್ರೆಯಲ್ಲಿ ಆ ದೇಹಗಳು ಬೇರೆಬೇರೆ. ಕಳರಿ ಉತ್ತರ ಮಲಬಾರಿನ ನಾಯರ್, ತೀಯ ಮೊದಲಾದ ಸಮುದಾಯಗಳ ಕಾಳಗ, ಹರಕೆ, ವೈದ್ಯಗಳೊಡನೆ ಬೆಳೆದದ್ದು. ನಲವತ್ತೆರಡು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲದ ತಗ್ಗು ನೆಲ, ನೈಋತ್ಯ ಮೂಲೆಯ ಏಳು ಮೆಟ್ಟಿಲ ಪೂತ್ತರ, ಎಣ್ಣೆಯುಜ್ಜುವ ಗುರುಕ್ಕಳರ ಪಾದ, ಇವೆಲ್ಲ ಸೇರಿಯೇ ಅದು ಕಳರಿ. ಪಳಶ್ಶಿ ರಾಜನ ಬಂಡಾಯದ ನಂತರ ಬ್ರಿಟಿಷರು ಆಯುಧಗಳನ್ನು ನಿರ್ಬಂಧಿಸಿದಾಗ ಅದು ಕುಗ್ಗಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪುನಃ ಚೇತರಿಸಿಕೊಂಡಿತು. ಭರತನಾಟ್ಯದ ಹಿಂದೆ ಸದಿರ್ ಆಡುತ್ತಿದ್ದ ದೇವದಾಸಿಯರಿದ್ದಾರೆ. ಕಲೆ 1930ರ ದಶಕದಲ್ಲಿ ಹೊಸ ಹೆಸರಿನಿಂದ ಗೌರವ ಪಡೆಯುತ್ತಿದ್ದಂತೆ ಅವರು ಅಂಚಿಗೆ ಸರಿದರು. ತುಳುನಾಡಿನ ಕೋಟಿ-ಚೆನ್ನಯರ ಗರಡಿಗಳಲ್ಲಿಯೂ ಅಂಗಸಾಧನೆ ಮತ್ತು ಆರಾಧನೆ ಒಂದೇ ಸೂರಿನಡಿ ಇರುವುದನ್ನು ಕಂಡವರಿಗೆ, ಪಟ್ಟನ್ನು ಅದರ ನೆಲದಿಂದ ಬಿಡಿಸಿ ತರುವಾಗ ಏನು ಹಿಂದುಳಿಯುತ್ತದೆಂಬುದು ತಿಳಿದೀತು. ಬಾಗಿದ ಬೆನ್ನಿಗೆ ದನಿಯಾದ ರಂಗಭೂಮಿ, ಆ ಬೆನ್ನನ್ನು ಪಳಗಿಸಿದ ಸಮುದಾಯಗಳ ಹೆಸರನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ.

ಆದರೆ ಚಂದ್ರಲೇಖಾ ಅವರು ಸುಲಿಗೆಯ ದಾರಿ ಹಿಡಿದರೆನ್ನುವುದು ಅನ್ಯಾಯವಾದೀತು. ಅವರು ಕಳರಿಯ ಸಾಧಕರನ್ನೇ ರಂಗಕ್ಕೆ ಕರೆತಂದರು. ಅಭ್ಯಾಸದ ಕಾಲಾವಧಿಯನ್ನು ಮೊಟಕುಗೊಳಿಸಲಿಲ್ಲ. 2000ದ ದಶಕದ ಆರಂಭದ ‘ಶರೀರ’ ಅವರ ಕೊನೆಯ ರಚನೆ. ಗುಂದೇಚಾ ಸಹೋದರರ ಧ್ರುಪದ ಗಾಯನದೊಡನೆ, ಕವಿ ತಿಶಾನಿ ದೋಷಿ ಮತ್ತು ಕಳರಿ ಸಾಧಕ ಶಾಜಿ ಜಾನ್ ಅವರ ದೇಹಗಳಲ್ಲಿ ಅದು ಅತಿ ವಿಲಂಬಿತವಾಗಿ ಅರಳುತ್ತದೆ. ರಚನಕಾರ್ತಿಯ ಕಾಣ್ಕೆ ಇನ್ನೊಬ್ಬಳ ಮೈಯಲ್ಲಿ ಬೇರುಬಿಟ್ಟು 2006ರ ಬಳಿಕವೂ ಆ ಕೃತಿಯನ್ನು ರಂಗದ ಮೇಲೆ ಉಳಿಸಿತು. ಮೈಯಿಂದ ಮೈಗೆ ದಾಟುವ ಈ ಕ್ರಮ ಜನಪದದ್ದೇ.

‘ಮೈಯೆಲ್ಲ ಕಣ್ಣಾಗು’ ಎಂಬ ನುಡಿ ಮಲಯಾಳದ ಕಳರಿಯಲ್ಲೂ ಕನ್ನಡದ ದಿನಬಳಕೆಯಲ್ಲೂ ಇದೆ. ಸ್ವಾನುಭವದಿಂದ ನೃತ್ಯ ಕಟ್ಟುವವರಿಗೆ ಇದಕ್ಕಿಂತ ಕಠಿಣ ಅಳತೆಗೋಲು ಬೇರೊಂದಿಲ್ಲ. ಅನುಭವ ಎಷ್ಟೇ ಸಾಚಾ ಆಗಿದ್ದರೂ, ಸಾಧನೆಯಿಲ್ಲದ ಮೈಯಲ್ಲಿ ಅದು ವರದಿಯಾಗಿಯೇ ಉಳಿಯುತ್ತದೆ. ಸಾಧನೆ ಎಷ್ಟೇ ಪಕ್ವವಾಗಿದ್ದರೂ, ಅದನ್ನು ಕೊಟ್ಟವರನ್ನು ಕಾಣದ ಕಣ್ಣು ಅರ್ಧ ಮುಚ್ಚಿದ ಕಣ್ಣೇ. ಮೊದಲನೆಯ ಅಳತೆಗೆ ಚಂದ್ರಲೇಖಾ ಅವರ ಕೃತಿಗಳು ಪೂರ್ತಿಯಾಗಿ ನಿಲ್ಲುತ್ತವೆ. ಎರಡನೆಯದನ್ನು ಅವರ ನಂತರದ ನೃತ್ಯರಚನಕಾರರೂ ವಿಮರ್ಶಕರೂ ಪೂರೈಸಬೇಕಾಗಿದೆ.