ಗಾಳಿ ಬೀಸದ ಕೆಂಪು ಬಂಡೆ

ವಿಡಿಯೋ ಗೇಮೊಂದನ್ನು ವಿಮರ್ಶೆಯ ಪುಟಕ್ಕೆ ತರುತ್ತೇವೆಂದಾಗ ಸಂಪಾದಕ ಮಿತ್ರರು ಕನ್ನಡಕವನ್ನು ಹಣೆಗೇರಿಸಿ ನಮ್ಮನ್ನೊಮ್ಮೆ ನೋಡಿದರು. "ಯಾಕ್ರೀ, ಪುಸ್ತಕ ಯಾವುದೂ ಸಿಗಲಿಲ್ಲವೆ?" ಎಂದರು. ಸಿಗದೆ ಏನು? ಆದರೆ ಕಳೆದ ಚಳಿಗಾಲದ ರಾತ್ರಿಗಳನ್ನು ನಾವು ಪುಸ್ತಕದೊಡನೆ ಕಳೆಯಲಿಲ್ಲ. ಹನ್ನೆರಡನೆಯ ತರಗತಿಯ ಮಗನ ಕಂಪ್ಯೂಟರಿನ ಮುಂದೆ ಕಾಲಿಗೆ ಕಂಬಳಿ ಸುತ್ತಿಕೊಂಡು ಕುಳಿತು, ಎರಡನೆಯ ಶತಮಾನದ ಕೊನೆಯ ಚೀನಾ ದೇಶದಲ್ಲಿ ಕಳೆದೆವು. ಅದನ್ನು ಮುಚ್ಚಿಟ್ಟು, ಓದದ ಕಾದಂಬರಿಯೊಂದರ ಮೇಲೆ ಅಭಿಪ್ರಾಯ ಬರೆಯುವುದು ನಮ್ಮಿಂದಾಗದು.

ಆಟದ ಹೆಸರು 'ಟೋಟಲ್ ವಾರ್: ತ್ರೀ ಕಿಂಗ್‌ಡಮ್ಸ್'. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿಯವರು ರಚಿಸಿದ್ದು. ಸೆಗಾ ಕಂಪನಿ 2019ರ ಮೇ ತಿಂಗಳಲ್ಲಿ ಹೊರತಂದಿತು. ಈ ವಸ್ತುವನ್ನು ಆಟವಾಗಿಸಿದವರಲ್ಲಿ ಇವರು ಮೊದಲಿಗರೇನಲ್ಲ. ಜಪಾನಿನ ಕೋಯಿ ಸಂಸ್ಥೆ 1985ರಲ್ಲೇ ಶುರುಮಾಡಿ, ಒಂದಾದ ಮೇಲೊಂದರಂತೆ ಹತ್ತಕ್ಕೂ ಮೀರಿ ಭಾಗಗಳನ್ನು ತಂದಿದೆ. ಆದರೆ ನಮ್ಮ ಕೈಗೆ ಸಿಕ್ಕಿದ್ದು ಇದು. ಇದರ ಮಾತನ್ನಷ್ಟೇ ಆಡುತ್ತೇವೆ.

ಕಥೆ ತಿಳಿಯದ ವಾಚಕರಿಗಾಗಿ ನಾಲ್ಕು ಮಾತು. ನಾನೂರು ವರ್ಷದ ಹಾನ್ ಸಾಮ್ರಾಜ್ಯ ಕುಸಿಯುತ್ತಿದೆ. 184ರಲ್ಲಿ ತಲೆಗೆ ಹಳದಿ ಬಟ್ಟೆ ಕಟ್ಟಿದ ರೈತರು ದಂಗೆಯೆದ್ದಿದ್ದಾರೆ. 189ರಲ್ಲಿ ಡಾಂಗ್ ಝುವೊ ಎಂಬ ಗಡಿಯ ಸೇನಾನಿ ರಾಜಧಾನಿಯನ್ನು ಹಿಡಿದು, ಬಾಲಕನೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸಿ, ತಾನೇ ಆಳತೊಡಗಿದ್ದಾನೆ. ಅವನ ವಿರುದ್ಧ ಪ್ರಾಂತಗಳ ಅಧಿಕಾರಿಗಳೆಲ್ಲ ಒಂದಾಗುವ 190ನೆಯ ಇಸವಿಗೆ ಆಟ ತೆರೆದುಕೊಳ್ಳುತ್ತದೆ. ಆ ಒಕ್ಕೂಟ ಬೇಗನೆ ಒಡೆಯಿತು. ಒಡೆದ ಚೂರುಗಳಲ್ಲಿ ಉತ್ತರದ ತ್ಸಾವೊ ತ್ಸಾವೊ, ನೈರುತ್ಯದ ಲಿಯು ಬೇ, ಆಗ್ನೇಯದ ಸುನ್ ಮನೆತನ ಈ ಮೂರು ಉಳಿದು, 220ರ ಈಚೆಗೆ ವೇ, ಷು, ವು ಎಂಬ ರಾಜ್ಯಗಳಾದವು. 280ರ ಹೊತ್ತಿಗೆ ಮೂರನ್ನೂ ನುಂಗಿದ್ದು ನಾಲ್ಕನೆಯವರು, ಜಿನ್ ವಂಶದವರು.

ಆಟಕ್ಕೆ ಎರಡು ಅಂತಸ್ತು. ಮೇಲಿನದು ಭೂಪಟ. ಅಲ್ಲಿ ಸರದಿಯ ಪ್ರಕಾರ ನಡೆ. ವರ್ಷಕ್ಕೆ ಐದು ಸರದಿ, ಸುಗ್ಗಿಗೇ ಪ್ರತ್ಯೇಕವಾಗಿ ಒಂದು. ಕೆಳಗಿನದು ರಣರಂಗ. ಎರಡು ದಂಡುಗಳು ಎದುರಾದಾಗ ನಕ್ಷೆ ಕರಗಿ ಬಯಲು, ಕಾಡು, ಕೋಟೆ ಕಾಣಿಸುತ್ತವೆ. ಒಂದು ದಂಡಿಗೆ ಹೆಚ್ಚೆಂದರೆ ಮೂವರು ಸೇನಾನಿಗಳು, ಒಬ್ಬೊಬ್ಬರ ಹಿಂದೆ ಆರು ತುಕಡಿ. ಈಟಿಗಾರರನ್ನು ಮುಂದಿಟ್ಟು, ಬಿಲ್ಲಾಳುಗಳನ್ನು ದಿಬ್ಬದ ಮೇಲೆ ನಿಲ್ಲಿಸಿ, ಕುದುರೆಗಳನ್ನು ಕಾಡಿನ ಮರೆಯಿಂದ ಸುತ್ತುಹಾಕಿಸಿ ಹೊಡೆಯಬೇಕು. ಮೊದಲ ವಾರ ನಮಗೆ ಏನೂ ತಿಳಿಯಲಿಲ್ಲ. ನಮ್ಮ ಕುದುರೆ ದಂಡು ನೇರವಾಗಿ ಈಟಿಗಳ ಮೇಲೆ ಹೋಗಿ ಬೀಳುತ್ತಿತ್ತು. "ಅಪ್ಪಾ, ಪಾಸ್ ಒತ್ತಿ, ನಿಧಾನವಾಗಿ ಯೋಚನೆ ಮಾಡಿ" ಎಂದು ಮಗ ಹಿಂದಿನಿಂದ ಹೇಳಿಕೊಡುತ್ತಿದ್ದ. ಯುದ್ಧವನ್ನು ತಡೆಹಿಡಿದು ಟೀ ಕುಡಿದು ಬರಬಹುದಾದ ಈ ಸೌಕರ್ಯ ನಮಗೆ ಬಹಳ ಹಿಡಿಸಿತು.

ಆದರೆ ನಿಜವಾಗಿ ನಮ್ಮನ್ನು ಹಿಡಿದು ಕೂರಿಸಿದ್ದು ರಣರಂಗವಲ್ಲ, ಆಸ್ಥಾನ. ಇಲ್ಲಿ ಪ್ರತಿಯೊಬ್ಬ ಅಧಿಕಾರಿಗೂ ಸಂತೃಪ್ತಿಯ ಒಂದು ಅಂಕೆಯುಂಟು. ಅವನ ಯೋಗ್ಯತೆ ಏರಿದಂತೆ ಹುದ್ದೆಯೂ ಏರಬೇಕೆಂದು ಬಯಸುತ್ತಾನೆ. ಹುದ್ದೆಗಳೋ ಬೆರಳೆಣಿಕೆಯಷ್ಟು. ಒಬ್ಬನನ್ನು ಏರಿಸಿದರೆ ಇನ್ನೊಬ್ಬನ ಅಂಕೆ ಇಳಿಯುತ್ತದೆ. ಹಗೆಯಿರುವ ಇಬ್ಬರನ್ನು ಒಂದೇ ದಂಡಿನಲ್ಲಿ ಹಾಕಿದರೆ ಇಬ್ಬರದೂ ಕೆಡುತ್ತದೆ. ಜೊತೆಯಲ್ಲಿ ಕಾದಿದವರು ಸ್ನೇಹಿತರಾಗುತ್ತಾರೆ, ಆ ಸ್ನೇಹಿತ ಸತ್ತರೆ ಉಳಿದವನು ಕುಗ್ಗುತ್ತಾನೆ. ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಬಡ್ತಿ ಸಮಿತಿಯ ಕಾಗದಗಳನ್ನು ಹೊತ್ತು ತಿರುಗಿದ ನಮಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ಮಗ ಯುದ್ಧದಲ್ಲಿ ಗೆದ್ದು ಆಸ್ಥಾನದಲ್ಲಿ ಸೋಲುತ್ತಿದ್ದ. ನಾವು ಅದರ ತಿರುಗುಮುರುಗು.

ಈ ಏರ್ಪಾಡು ಬರಿಯ ಅಲಂಕಾರವಲ್ಲ, ಆ ಕಾಲದ ನಿಜ ಇದರಲ್ಲಿದೆ. 200ನೆಯ ಇಸವಿಯಲ್ಲಿ ಗ್ವಾಂಡು ಎಂಬಲ್ಲಿ ಯುವಾನ್ ಷಾವೊನ ದೊಡ್ಡ ಸೈನ್ಯ ತ್ಸಾವೊ ತ್ಸಾವೊನ ಸಣ್ಣ ಸೈನ್ಯಕ್ಕೆ ಸೋತಿತು. ಸೋಲಿಗೆ ಕಾರಣ ಕತ್ತಿಯಲ್ಲ. ಯುವಾನ್ ಷಾವೊನ ಸಲಹೆಗಾರ ಷು ಯೌ ಎಂಬವನು, ತನ್ನ ಮಾತಿಗೆ ಬೆಲೆಯಿಲ್ಲವೆಂದೂ ಊರಿನಲ್ಲಿ ತನ್ನ ಮನೆಯವರನ್ನು ಸೆರೆಹಿಡಿದರೆಂದೂ ಕೆರಳಿ, ಎದುರಾಳಿಯ ಡೇರೆಗೆ ನಡೆದುಬಂದ. ದವಸದ ಉಗ್ರಾಣ ವುಚಾವೊದಲ್ಲಿದೆ, ಕಾವಲು ಸಡಿಲವಾಗಿದೆ ಎಂದು ಹೇಳಿಬಿಟ್ಟ. ತ್ಸಾವೊ ತ್ಸಾವೊ ರಾತ್ರಿಯೇ ಹೋಗಿ ಸುಟ್ಟುಹಾಕಿದ. ಆಟದಲ್ಲೂ ಅಸಮಾಧಾನಗೊಂಡ ಅಧಿಕಾರಿ ಬಿಟ್ಟುಹೋಗುತ್ತಾನೆ, ಕೆಲವೊಮ್ಮೆ ದಂಗೆಯೇಳುತ್ತಾನೆ. ಆದರೆ ಹೋಗುವಾಗ ಷು ಯೌನಂತೆ ಉಗ್ರಾಣದ ಗುಟ್ಟನ್ನು ಹೊತ್ತೊಯ್ಯುವುದಿಲ್ಲ. ಗೂಢಚಾರರಿಗೆ ಬೇರೆಯೇ ಖಾತೆ ತೆರೆದಿದ್ದಾರೆ. ಸಿಟ್ಟಿಗೆ ಬೇರೆ ಖಾತೆ. ನಿಜದಲ್ಲಿ ಎರಡೂ ಒಂದೇ ಮನುಷ್ಯನಲ್ಲಿ ಇದ್ದವು.

ದವಸದ ಮಾತು ಬಂದಿತು. ಪರರಾಜ್ಯದಲ್ಲಿ ದಂಡು ನಿಂತಷ್ಟೂ ಅದರ ಸಾಮಗ್ರಿ ಕರಗುತ್ತದೆ. ಮುಗಿದ ಮೇಲೆ ಶತ್ರುವೇ ಇಲ್ಲದೆ ಸೈನಿಕರು ಸಾಯತೊಡಗುತ್ತಾರೆ. ಕಥೆಯ ವೀರರ ಬಾಯಲ್ಲಿ ಬಾರದ ಈ ಸತ್ಯವನ್ನು ಆಟದವರು ಗಟ್ಟಿಯಾಗಿ ಹಿಡಿದಿದ್ದಾರೆ, ಮೆಚ್ಚಬೇಕು. ಆದರೆ ಅದೇ ಎಚ್ಚರ ರಣರಂಗಕ್ಕೆ ಇಳಿಯುವುದಿಲ್ಲ. 228ರಲ್ಲಿ ಮಾ ಸು ಎಂಬ ಸೇನಾನಿ ಜಿಯೆಟಿಂಗ್‌ನಲ್ಲಿ, ಎತ್ತರ ಒಳ್ಳೆಯದೆಂದು ಗುಡ್ಡ ಹತ್ತಿ ಕುಳಿತ; ಎದುರಾಳಿ ಝಾಂಗ್ ಹೆ ಕೆಳಗೆ ನೀರಿನ ದಾರಿ ಕಟ್ಟಿದ; ಬಾಯಾರಿದ ಸೈನ್ಯ ಚದುರಿತು. ಯುದ್ಧಶಾಸ್ತ್ರ ಓದಿಯೂ ನೆಲವನ್ನು ಓದಲಾರದವನ ಉದಾಹರಣೆಯಾಗಿ ಚೀನೀಯರು ಅವನನ್ನು ಇಂದಿಗೂ ನೆನೆಯುತ್ತಾರೆ. ನಮ್ಮ ಆಟದ ಕದನಗಳಲ್ಲಿ ಗುಡ್ಡವೆಂದರೆ ಬರಿಯ ಲಾಭ. ಬಾಣ ದೂರ ಹೋಗುತ್ತದೆ, ಮೇಲಿಂದ ಇಳಿದು ಹೊಡೆದರೆ ಪೆಟ್ಟು ಬಲ. ಸೈನಿಕರು ದಣಿಯುತ್ತಾರೆ, ಬಾಯಾರುವುದಿಲ್ಲ. ಮಾ ಸು ಇಲ್ಲಿ ಆಡಿದ್ದರೆ ಗೆಲ್ಲುತ್ತಿದ್ದ.

ಇನ್ನು ಆಟದವರು ಮಾಡಿರುವ ಅತ್ಯಂತ ಜಾಣ ಕೆಲಸವನ್ನು ಹೇಳಬೇಕು. ಪ್ರಾರಂಭದಲ್ಲೇ ಅವರು ಕೇಳುತ್ತಾರೆ: ನಿಮಗೆ 'ರೊಮಾನ್ಸ್' ಬೇಕೋ, 'ರೆಕಾರ್ಡ್ಸ್' ಬೇಕೋ? ಕಥೆಯೋ, ದಾಖಲೆಯೋ? ಇದು ಎರಡು ಗ್ರಂಥಗಳ ನಡುವಿನ ಆಯ್ಕೆ. ಮೂರನೆಯ ಶತಮಾನದಲ್ಲಿ, ಆ ಕಾಲವನ್ನು ಕಣ್ಣಾರೆ ಕಂಡ ಚೆನ್ ಷೌ ಬರೆದದ್ದು ಇತಿಹಾಸ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಲುವೊ ಗ್ವಾನ್‌ಝೊಂಗ್‌ನ ಹೆಸರಿನಲ್ಲಿ ಬಂದದ್ದು ಕಾದಂಬರಿ. ಕಥೆಯ ದಾರಿ ಹಿಡಿದರೆ ಸೇನಾನಿ ಒಬ್ಬಂಟಿಯಾಗಿ ನೂರಾರು ಜನರನ್ನು ಬಡಿದೆಸೆಯುತ್ತಾನೆ. ಎದುರಾಳಿಯ ವೀರನನ್ನು ದ್ವಂದ್ವಕ್ಕೆ ಕರೆಯುತ್ತಾನೆ. ಸುತ್ತಲಿನ ಸೈನ್ಯ ಲೆಕ್ಕಕ್ಕಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಇದೇನೂ ಹೊಸತಲ್ಲ, ಹದಿನೆಂಟು ಅಕ್ಷೋಹಿಣಿಯನ್ನು ಇಬ್ಬರು ವೇಷಧಾರಿಗಳೇ ತೀರಿಸುತ್ತಾರೆ. ದಾಖಲೆಯ ದಾರಿ ಹಿಡಿದರೆ ಅದೇ ಸೇನಾನಿ ಅಂಗರಕ್ಷಕ ಕುದುರೆಗಳ ನಡುವೆ ಅವಿತ ಸಾಧಾರಣ ಮನುಷ್ಯ. ದ್ವಂದ್ವವಿಲ್ಲ. ಎಲ್ಲಿಂದಲೋ ಬಂದ ತುಕಡಿಗೆ ಸಿಕ್ಕಿದರೆ ಹೋದ.

ಮಗನಿಗೆ ಕಥೆ ಬೇಕು. ನಾವು ದಾಖಲೆಯ ಪಕ್ಷ. ಗುಮಾಸ್ತರಲ್ಲವೆ! ಎರಡನ್ನೂ ಆಡಿದ ಮೇಲೆ ಅನ್ನಿಸಿದ್ದು, ಆಟದವರ ಮನಸ್ಸು ಕಥೆಯ ಕಡೆಗೇ ಇದೆ. ಬಣ್ಣ, ಸಂಗೀತ, ವೀರರ ಕೂಗು ಎಲ್ಲ ಅಲ್ಲಿ ಕೂಡಿಬರುತ್ತವೆ. ದಾಖಲೆಯ ದಾರಿಯಲ್ಲಿ ತೆಗೆದುಹಾಕಿದ್ದು ಬಹಳ, ಬದಲಿಗೆ ಕೊಟ್ಟದ್ದು ಕಡಿಮೆ. ಚೆನ್ ಷೌನ ಗ್ರಂಥವೆಂದರೆ ಕಾದಂಬರಿಯಿಂದ ಉಪ್ಪುಖಾರ ತೆಗೆದದ್ದು ಎಂಬ ಭಾವನೆ ಹುಟ್ಟಿಸುತ್ತದೆ. ಅದು ಅನ್ಯಾಯ. ದಾಖಲೆಗೂ ಅದರದೇ ರುಚಿಯಿದೆ: ಯಾರ ಸಂಬಳ ಯಾರು ಕೊಟ್ಟರು, ಯಾವ ಊರಿನ ದವಸ ಎಲ್ಲಿಗೆ ಹೋಯಿತು, ಓಡಿಬಂದ ಜನರನ್ನು ಎಲ್ಲಿ ನೆಲೆನಿಲ್ಲಿಸಿದರು. ತ್ಸಾವೊ ತ್ಸಾವೊ 196ರಲ್ಲಿ ಷು ನಗರದ ಸುತ್ತ ಪಾಳುಬಿದ್ದ ಹೊಲಗಳಿಗೆ ನಿರಾಶ್ರಿತರನ್ನು ಕಟ್ಟಿ ಉಳುಮೆಗೆ ಹಚ್ಚಿದ. ಬೆಳೆಯ ದೊಡ್ಡ ಪಾಲು ಸರ್ಕಾರಕ್ಕೆ. ಅವನ ಗೆಲುವುಗಳ ಬೇರು ಅಲ್ಲಿದೆ. ದ್ವಂದ್ವಯುದ್ಧಕ್ಕೆ ಸುರಿದ ಹಣದಲ್ಲಿ ಕಾಲು ಭಾಗವನ್ನು ಈ ನಿರಾಶ್ರಿತರ ಮೇಲೆ ಖರ್ಚುಮಾಡಿದ್ದರೆ ನಾವು ಇನ್ನೊಂದು ಚಳಿಗಾಲ ಆಡುತ್ತಿದ್ದೆವು.

ಇಲ್ಲಿ ನಮ್ಮ ಮುಖ್ಯ ತಕರಾರಿಗೆ ಬರುತ್ತೇವೆ. ಒಂದು ಕದನದಲ್ಲಿ ನಮ್ಮ ಈಟಿಗಾರರ ತುಕಡಿ ಮುಕ್ಕಾಲು ಭಾಗ ನೆಲಕಚ್ಚಿತು. ಗೆದ್ದೆವು, ಸ್ವಂತ ನೆಲಕ್ಕೆ ಮರಳಿ ಕೆಲವು ಸರದಿ ಕಳೆಯುವಷ್ಟರಲ್ಲಿ ತುಕಡಿ ತುಂಬಿಕೊಂಡಿತು. ಅದೇ ಹೆಸರು, ಅದೇ ಬಾವುಟ. ನಮ್ಮ ಕಚೇರಿಯಲ್ಲಿ ಒಂದು ಹುದ್ದೆ ಭರ್ತಿಯಾಗಲು ಆರು ವರ್ಷ ಹಿಡಿಯುತ್ತದೆ, ಇಲ್ಲಿ ಸತ್ತವರ ಜಾಗ ಆರು ತಿಂಗಳಿಗೆ ಭರ್ತಿ. ಮೊದಲು ನಕ್ಕೆವು. ಆಮೇಲೆ ನಗು ಬರಲಿಲ್ಲ. ನಮ್ಮ ಮೇಜು ಕುಟುಂಬ ಪಿಂಚಣಿಯದು. ಗಂಡನ ಹೆಸರು ಒಂದು ಕಾಗದದಲ್ಲಿ ಒಂದು ತರಹ, ಇನ್ನೊಂದರಲ್ಲಿ ಇನ್ನೊಂದು ತರಹ ಬರೆದಿತ್ತೆಂದು ಒಬ್ಬ ಹೆಂಗಸಿನ ಕಡತ ಹನ್ನೊಂದು ತಿಂಗಳು ನಮ್ಮಲ್ಲೇ ಬಿದ್ದಿತ್ತು. ಬಿದ್ದಿತ್ತು ಎನ್ನುವುದೂ ತಪ್ಪು. ಬೀಳಿಸಿದವರಲ್ಲಿ ನಾವೂ ಒಬ್ಬರು. ಆಕೆ ಕಿಟಕಿಯ ಮುಂದೆ ಬಂದು ನಿಂತಾಗಲೇ ಆ ಸಂಖ್ಯೆಗೆ ಮುಖ ಬಂದದ್ದು.

ಹಾನ್ ಸರ್ಕಾರ ಜನಗಣತಿಯಲ್ಲಿ ನಿಪುಣವಾಗಿತ್ತು. 157ನೆಯ ಇಸವಿಯ ಲೆಕ್ಕದಲ್ಲಿ ಸುಮಾರು 5 ಕೋಟಿ 65 ಲಕ್ಷ ಜನರಿದ್ದಾರೆ. ಯುದ್ಧಗಳೆಲ್ಲ ಮುಗಿದು ದೇಶ ಒಂದಾದ 280ರ ಲೆಕ್ಕದಲ್ಲಿ ಇರುವವರು ಸುಮಾರು 1 ಕೋಟಿ 61 ಲಕ್ಷ. ನಾಲ್ಕು ಕೋಟಿ ಜನ ಸತ್ತರೆಂದು ಇದನ್ನು ಓದಿಬಿಡುವವರುಂಟು. ದಫ್ತರದ ಕೆಲಸ ಬಲ್ಲವರು ಹಾಗೆ ಓದುವುದಿಲ್ಲ. ಸತ್ತವರು ನಿಶ್ಚಯವಾಗಿ ಬಹಳ. ಹಸಿವು, ರೋಗ, ಕತ್ತಿ ಎಲ್ಲಕ್ಕೂ. ಆದರೆ ಊರು ಬಿಟ್ಟು ಓಡಿದವರು, ಜಮೀನ್ದಾರರ ಕೋಟೆಯೊಳಗೆ ಆಳುಗಳಾಗಿ ಸೇರಿ ತೆರಿಗೆಯಿಂದ ಮರೆಯಾದವರು, ಸೈನಿಕ ಕುಟುಂಬಗಳೆಂದು ಬೇರೆ ಪಟ್ಟಿಗೆ ಹೋದವರು, ಎಣಿಸಲು ಗುಮಾಸ್ತನೇ ಇಲ್ಲದ ಊರುಗಳು, ಇವೆಲ್ಲ ಆ ಕಳೆದುಹೋದ ನಾಲ್ಕು ಕೋಟಿಯಲ್ಲಿ ಸೇರಿವೆ. ಯಾರು ಸತ್ತರು, ಯಾರು ತಪ್ಪಿಸಿಕೊಂಡರು ಎಂಬುದು ಸರ್ಕಾರಕ್ಕೇ ತಿಳಿಯದೆ ಹೋದದ್ದೇ ಆ ಕಾಲದ ನಿಜವಾದ ಅನಾಹುತ. ಆಟದಲ್ಲಿ ಪ್ರತಿ ಪ್ರಾಂತದ ಜನಸಂಖ್ಯೆ ಭೂಪಟದ ಮೇಲೆ ಕರಾರುವಾಕ್ಕಾಗಿ ಕಾಣುತ್ತಿರುತ್ತದೆ. ಹೆಚ್ಚಾದರೆ ವರಮಾನ ಏರುತ್ತದೆ, ಶಾಂತಿ ಕೆಡುತ್ತದೆ. ನಾಡು ಹೊತ್ತಿ ಉರಿಯುತ್ತಿರುವಾಗಲೂ ಒಂದು ತಲೆ ಲೆಕ್ಕ ತಪ್ಪುವುದಿಲ್ಲ. ಇಂಥ ಗುಮಾಸ್ತರು ತ್ಸಾವೊ ತ್ಸಾವೊನಿಗೂ ಇರಲಿಲ್ಲ, ನಮ್ಮಲ್ಲೂ ಇಲ್ಲ.

ಕೊನೆಯದಾಗಿ ಹೆಸರಿನ ಪ್ರಶ್ನೆ. ಬಿಡುಗಡೆಯಾದ ಮೇಲೆ ಆಟಕ್ಕೆ ಹೊಸ ಕಾಲಘಟ್ಟಗಳನ್ನು ಸೇರಿಸಿ ಮಾರಿದರು: 182, 194, 200, ಜೊತೆಗೆ ಬಹಳ ಮುಂದಿನ 291. 2021ರ ಮೇ ತಿಂಗಳಲ್ಲಿ, ಇನ್ನು ಇದಕ್ಕೆ ಏನೂ ಸೇರಿಸುವುದಿಲ್ಲ ಎಂದು ಪ್ರಕಟಿಸಿದರು. ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಮೂರು ರಾಜ್ಯಗಳು ನಿಜವಾಗಿ ಇದ್ದ 220ರಿಂದ 280ರ ನಡುವಿನ ಒಂದೂ ಇಲ್ಲ. 'ಮೂರು ರಾಜ್ಯ' ಎಂಬ ಬೋರ್ಡು ತಗಲಿಸಿದ ಅಂಗಡಿಯಲ್ಲಿ ಮೂರು ರಾಜ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಆಡುತ್ತ ಹೋದರೆ ಮೂರು ಸಿಂಹಾಸನಗಳು ತಾವಾಗಿ ಹುಟ್ಟುತ್ತವೆ, ನಿಜ. ಅವು ನಿಮ್ಮ ಆಟದ ಮೂರು, ಚೆನ್ ಷೌ ಕಂಡ ಮೂರಲ್ಲ.

ಇದಕ್ಕಿಂತಲೂ ದೊಡ್ಡ ಕೊರತೆ ಕೆಂಪು ಬಂಡೆ, ಚೀನೀ ಭಾಷೆಯಲ್ಲಿ ಚಿಬಿ. 208ರ ಚಳಿಗಾಲದಲ್ಲಿ ತ್ಸಾವೊ ತ್ಸಾವೊನ ಹಡಗುಗಳು ಯಾಂಗ್ಟ್ಸಿ ನದಿಯಲ್ಲಿ ಒಂದಕ್ಕೊಂದು ತಗುಲಿ ನಿಂತಿದ್ದವು. ವು ಕಡೆಯ ಹುವಾಂಗ್ ಗಾಯ್, ಶರಣಾಗುತ್ತೇನೆಂದು ಸುಳ್ಳು ಹೇಳಿ, ಒಣ ಜೊಂಡು ಮತ್ತು ಎಣ್ಣೆ ತುಂಬಿದ ದೋಣಿಗಳಿಗೆ ಬೆಂಕಿಯಿಟ್ಟು ಹರಿಬಿಟ್ಟ. ಆಗ್ನೇಯದ ಗಾಳಿ ಎದ್ದಿತು. ಕಾದಂಬರಿಯಲ್ಲಿ ಆ ಗಾಳಿಯನ್ನು ಮಂತ್ರದಿಂದ ತರಿಸುವವನು ಝುಗೆ ಲಿಯಾಂಗ್. ಇತಿಹಾಸದಲ್ಲಿ ಗಾಳಿ ತಾನಾಗಿ ಬೀಸಿತು, ಜೊತೆಗೆ ಉತ್ತರದ ಸೈನ್ಯ ಮೊದಲೇ ರೋಗದಿಂದ ಸೊರಗಿತ್ತು. ಕಥೆಯ ಪಕ್ಷಕ್ಕೂ ದಾಖಲೆಯ ಪಕ್ಷಕ್ಕೂ ಇದಕ್ಕಿಂತ ಒಳ್ಳೆಯ ಕಣ ಬೇರೊಂದಿಲ್ಲ. ಬಿ.ಎಸ್ಸಿ. ಓದಿದ ನಮಗಂತೂ ಆ ಗಾಳಿಯನ್ನು ಒಮ್ಮೆ ನೋಡುವ ಆಸೆಯಿತ್ತು.

190ರಿಂದ 208ಕ್ಕೆ ತೊಂಬತ್ತು ಸರದಿ. ಸುಮಾರು ಎರಡು ತಿಂಗಳು ಆಡಿ ಅಲ್ಲಿಗೆ ತಲುಪಿದೆವು. ನಮ್ಮ ಹಡಗುಗಳು ದಕ್ಷಿಣ ದಡದಲ್ಲಿ, ಉತ್ತರದವರವು ಎದುರಿಗೆ. ಮಗನನ್ನೂ ಎಬ್ಬಿಸಿ ಕರೆದೆವು. ಹೊಡೆಯಿರೆಂದು ಆಜ್ಞೆಯಿತ್ತೆವು. ರಣರಂಗ ತೆರೆಯಲಿಲ್ಲ. ಈ ಆಟದಲ್ಲಿ ನೀರಿನ ಮೇಲಿನ ಯುದ್ಧವನ್ನು ಇಟ್ಟೇ ಇಲ್ಲ. ಎರಡೂ ಕಡೆಯ ಬಲವನ್ನು ತೂಗಿ ಯಂತ್ರವೇ ತೀರ್ಪು ಹೇಳುತ್ತದೆ. ಒಂದು ಸಣ್ಣ ಚೌಕ ಬಂದಿತು, ಅದರಲ್ಲೊಂದು ಪಟ್ಟಿ, ಕೆಳಗೊಂದು ಗುಂಡಿ. ಒತ್ತಿದೆವು. ಎರಡೂ ಕಡೆ ಎಷ್ಟೆಷ್ಟು ಜನ ಹೋದರೆಂಬ ಅಂಕೆಗಳು ಕಾಣಿಸಿದವು. ಮಗ ಆಕಳಿಸುತ್ತ ಕೇಳಿದ, "ಗಾಳಿ ಯಾವಾಗ ಬೀಸತ್ತೆ ಅಪ್ಪಾ?"